ಬರೆಯದೆ ಬಿಟ್ಟ ವಯಸ್ಸು

ಅಕ್ಕಿಹೆಬ್ಬಾಳಿನ ಹೆಂಗಸರ ಡೈರಿಯಲ್ಲಿ ಜಯಶೀಲ ಹನ್ನೊಂದು ವರ್ಷದಿಂದ ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ಎಂಟರೊಳಗೆ ನೂರಿಪ್ಪತ್ತು ಮನೆಗಳ ಹಾಲು ಅವಳ ಕಣ್ಣ ಮುಂದೆ ಹಾದುಹೋಗಬೇಕು. ನೀರು ಬೆರೆಸಿದ ಹಾಲನ್ನು ಅವಳು ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಹಿಡಿದುಬಿಡುತ್ತಾಳೆ ಎಂದು ಊರಲ್ಲಿ ಮಾತಿತ್ತು. ಅವಳು ಮಾತ್ರ ಒಪ್ಪುತ್ತಿರಲಿಲ್ಲ. "ಕಣ್ಣಂದಾಜಲ್ಲಿ ನಾನು ಯಾರನ್ನೂ ಕಳ್ಳಿ ಅನ್ನಾಕಿಲ್ಲ. ಮಿಷನ್ ಏನ್ ಯೋಳ್ತದೋ ನೋಡವ," ಎನ್ನುತ್ತಿದ್ದಳು. ದಾಕ್ಷಿಣ್ಯಕ್ಕೆ ಬೀಳದೆ, ಯಾರ ಜೊತೆಗೂ ಮಾತು ಬಿಡದೆ, ಆ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂರುವುದು ಹುಡುಗಾಟವಲ್ಲ.

ಗಂಡ ಶಿವಶಂಕರ್ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಯಾವ ರೈತ ಎಂದು ಕಬ್ಬು ನಾಟಿ ಮಾಡಿದ, ಅದು ಎಂದು ಕಟಾವಿಗೆ ಬರುತ್ತದೆ ಎಂದು ಬೈಕಿನಲ್ಲಿ ಗದ್ದೆ ಗದ್ದೆ ಸುತ್ತಿ ಬರೆದುಕೊಂಡು ಬರುವ ಕೆಲಸ. ಮೆದು ಮನುಷ್ಯ. ಮದುವೆಯಾಗಿ ಹದಿನಾರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎರಡು ಸಲ ಜಯಶೀಲಳ ಅಂಡಾಣುಗಳನ್ನೇ ತೆಗೆದು, ಹೊರಗೆ ಭ್ರೂಣ ಮಾಡಿ, ಒಳಗಿಟ್ಟು ನೋಡಿದ್ದರು. ಎರಡೂ ಸಲ ನಿಲ್ಲಲಿಲ್ಲ. ಮೂರನೆಯ ಸಲ ಅಲ್ಲಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಗರ್ಭಕೋಶ ಗಟ್ಟಿಮುಟ್ಟಾಗಿದೆ, ಅಂಡಾಣುಗಳಿಗೆ ಮಾತ್ರ ವಯಸ್ಸಾಗಿದೆ. ಯಾರೋ ಒಬ್ಬ ಎಳೆಯ ಹೆಣ್ಣುಮಗಳು ದಾನ ಕೊಟ್ಟ ಅಂಡಾಣು ತೆಗೆದುಕೊಂಡರೆ ಫಲ ಕಾಣಬಹುದು. ಕೊಟ್ಟವಳು ಯಾರೆಂದು ಇವರಿಗೆ ಗೊತ್ತಾಗುವುದಿಲ್ಲ. ಇವರು ಯಾರೆಂದು ಅವಳಿಗೂ ಗೊತ್ತಾಗುವುದಿಲ್ಲ.

ವಾಪಸು ಬರುವ ರೈಲು ಸಾಗರಕಟ್ಟೆ ದಾಟುವಷ್ಟರಲ್ಲಿ ಜಯಶೀಲ ತೀರ್ಮಾನ ಮಾಡಿದ್ದಳು. "ಒಂಬತ್ತು ತಿಂಗಳು ಹೊರೋಳು ನಾನು, ಹೆರೋಳೂ ನಾನು. ನಂಗೇನೂ ತಕರಾರಿಲ್ಲ ಕಣ್ರೀ."

ಶಿವಶಂಕರ್ ಕಿಟಕಿಯ ಆಚೆ ಹಿನ್ನೀರನ್ನೇ ನೋಡುತ್ತ ಕೂತಿದ್ದ. "ನಂಗೂ ಇಲ್ಲ. ಆದ್ರೆ ಅವ್ವಂಗೆ ಮಾತ್ರ ಗೊತ್ತಾಗಬಾರ್ದು ಕಣಮ್ಮಿ. ಊರಿಗಂತೂ ಬ್ಯಾಡ್ವೇ ಬ್ಯಾಡ."

ಅವನ ತಾಯಿ ಬೈರಮ್ಮನ ಬಾಯಿ ನಾಲ್ಕೂರಿಗೆ ಹೆಸರಾದದ್ದು. ಕೆಟ್ಟವಳಲ್ಲ, ಆದರೆ ಮಾತು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಜಯಶೀಲ ಆಗಲಿ ಎಂದಳು. ಈ ಸಲ ಬಸಿರು ನಿಂತಿತು.

ಪ್ರತಿ ಸಲವೂ ಮೈಸೂರಿಗೆ ಅಲೆಯುವುದು ಬೇಡವೆಂದು ಸ್ಕ್ಯಾನಿಗೆ ಕೆ.ಆರ್.ಪೇಟೆಯ ಡಾಕ್ಟರ್ ರಮ್ಯಶ್ರೀ ಹತ್ತಿರ ಹೋದರು. ಹೊರಗೆ ಭ್ರೂಣ ಮಾಡಿ ಇಟ್ಟಿದ್ದನ್ನು ಹೇಳಿದರು; ಅಂಡಾಣು ಬೇರೆಯವರದೆಂದು ಹೇಳಲಿಲ್ಲ. ಹೇಳದೇ ಇದ್ದುದಕ್ಕೆ ಕಾರಣವೂ ಇತ್ತು. ಆ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತಿದ್ದವಳು ತನುಶ್ರೀ, ಶಿವಶಂಕರನ ದೊಡ್ಡಪ್ಪನ ಮೊಮ್ಮಗಳು. ಇವರದೇ ಬೀದಿಯ ಹುಡುಗಿ.

ಏಳು ವಾರಕ್ಕೆ ಮೊದಲ ಸ್ಕ್ಯಾನು. ಪರದೆಯ ಮೇಲೆ ಅವರೆಕಾಳಿನಷ್ಟು ಬೂದು ಚುಕ್ಕೆ, ಅದರ ನಡುವೆ ಮಿಣಮಿಣ ಎನ್ನುವ ಎದೆಬಡಿತ. ರಮ್ಯಶ್ರೀ ಚುಕ್ಕೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ಅಳೆದರು. ಅಳಿಸಿ ಮತ್ತೊಮ್ಮೆ ಎಳೆದರು.

"ಏಳು ಮಿಲಿಮೀಟರ್ ಇದೆ. ನಿಮ್ಮ ಲೆಕ್ಕಕ್ಕೆ ಹತ್ತರ ಹತ್ತಿರ ಇರಬೇಕಿತ್ತು. ಬೇರೆಯವರಾಗಿದ್ದರೆ ಮುಟ್ಟಿನ ತಾರೀಕು ನೆನಪಿಲ್ಲ ಅಂತ ನಾಲ್ಕು ದಿನ ಹಿಂದೆ ಮುಂದೆ ಮಾಡಿ ಸುಮ್ಮನಾಗ್ತಿದ್ದೆ."

"ನಮ್ಮದ್ರಲ್ಲಿ ಹಿಂದೆ ಮುಂದೆ ಇಲ್ಲ ಮೇಡಂ. ಐದು ದಿನದ ಭ್ರೂಣ. ಬುಧವಾರ ಹನ್ನೊಂದೂವರೆಗೆ ಒಳಗಿಟ್ರು. ಗಡಿಯಾರ ನನ್ನ ಎದುರಿಗೇ ಇತ್ತು."

ಡಾಕ್ಟರು ನಕ್ಕರು. "ಅದೇ ನೋಡಿ, ನಿಮ್ಮಂಥವರ ಹತ್ತಿರ ತಪ್ಪನ್ನ ತಾರೀಕಿನ ಮೇಲೆ ಹಾಕೋ ಹಾಗಿಲ್ಲ. ಈಗ ಎಷ್ಟಿದೆ ಅನ್ನೋದಕ್ಕಿಂತ ಹೇಗೆ ಬೆಳೆಯುತ್ತೆ ಅನ್ನೋದು ಮುಖ್ಯ. ಎರಡು ವಾರ ಬಿಟ್ಟು ಬನ್ನಿ."

ಆ ಎರಡು ವಾರ ಶಿವಶಂಕರ್ ಅರ್ಧ ಮುದ್ದೆಗೇ ಕೈ ತೊಳೆದು ಏಳುತ್ತಿದ್ದ. ಜಯಶೀಲ ಎಂದಿನಂತೆ ಡೈರಿಗೆ ಹೋದಳು, ಬಂದಳು. ಭಯ ಇರಲಿಲ್ಲವೆಂದಲ್ಲ. ಕೂತು ಯೋಚಿಸಿದರೆ ಒಳಗಿನದು ಒಂದು ಕೂದಲೆಳೆಯಷ್ಟೂ ಹೆಚ್ಚು ಬೆಳೆಯುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಅಷ್ಟೆ. ಒಂಬತ್ತನೆಯ ವಾರಕ್ಕೆ ಅಳತೆ ಇಪ್ಪತ್ತೆರಡಕ್ಕೆ ಬಂದಿತ್ತು. "ದಿನಕ್ಕೊಂದು ಮಿಲಿಮೀಟರ್ ಮೀರಿ ಬೆಳೆದಿದೆ. ಶುರುವಿನಲ್ಲಿ ಸ್ವಲ್ಪ ಸೋಮಾರಿ, ಈಗ ದಾರಿಗೆ ಬಂತು," ಎಂದರು ರಮ್ಯಶ್ರೀ.

ಹನ್ನೆರಡೂವರೆ ವಾರಕ್ಕೆ ಮತ್ತೊಂದು ಸ್ಕ್ಯಾನು. ಈಗ ಅದಕ್ಕೆ ತಲೆ, ಕೈ, ಕಾಲು ಎಲ್ಲ ಇದ್ದವು. ಮೂಗಿನ ಮೂಳೆ ಕಂಡಿತು. ಕತ್ತಿನ ಹಿಂದಿನ ನೀರಿನ ಪದರ ತೆಳ್ಳಗೇ ಇತ್ತು. ಅದರ ಜೊತೆಗೆ ಜಯಶೀಲಳ ರಕ್ತ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಸ್ಕ್ಯಾನಿನ ಅಳತೆ, ರಕ್ತದ ಅಂಶ, ತಾಯಿಯ ವಯಸ್ಸು ಮೂರನ್ನೂ ಸೇರಿಸಿ ಲೆಕ್ಕ ಹಾಕಿ, ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರುವ ಸಂಭವ ಎಷ್ಟೆಂದು ಅವರು ಹೇಳುತ್ತಾರೆ. ರಕ್ತದ ಜೊತೆ ಹೋಗುವ ಫಾರಮ್ಮನ್ನು ಶಿವಶಂಕರ್ ಹೊರಗೆ ಕೌಂಟರಿನಲ್ಲಿ ನಿಂತು ತುಂಬಿಕೊಟ್ಟ.

ಐದು ದಿನ ಕಳೆದು ಕ್ಲಿನಿಕ್ಕಿನಿಂದ ಫೋನು ಬಂತು. ಆ ದಿನ ಪೇಟೆಯಲ್ಲಿ ಕೆಲಸವಿದೆ ಎಂದು ಬೈರಮ್ಮನೂ ಜೊತೆಗೆ ಹೊರಟಳು. ಬೇಡವೆನ್ನಲು ಶಿವಶಂಕರನಿಗೆ ಬಾಯಿ ಬರಲಿಲ್ಲ.

ರಮ್ಯಶ್ರೀ ಮೂವರನ್ನೂ ಕೂರಿಸಿದರು. "ಎಂಬತ್ತಾರಕ್ಕೆ ಒಂದು ಅಂತ ಬಂದಿದೆ. ಇನ್ನೂರೈವತ್ತಕ್ಕಿಂತ ಕೆಳಗಿದ್ದರೆ ನಾವು ಹೆಚ್ಚಿನ ಅಪಾಯ ಅಂತ ತಗೋತೀವಿ. ಮಗುವಿಗೆ ತೊಂದರೆ ಇದೆ ಅಂತ ಇದರ ಅರ್ಥ ಅಲ್ಲ. ಇನ್ನೊಂದು ಪರೀಕ್ಷೆ ಮಾಡಬೇಕು ಅಂತ ಅರ್ಥ."

"ಎಂಬತ್ತಾರು ಬಸುರೀರಲ್ಲಿ ಒಬ್ಬಳಿಗೆ ಅಂತಲೇನವ್ವ?" ಬೈರಮ್ಮ ಕೇಳಿದಳು.

"ಹೌದಮ್ಮ."

"ಅಂಗಾರೆ ಎಂಬತ್ತೈದು ಜನಕ್ಕೆ ಏನೂ ಇಲ್ಲ."

"ಅದೂ ಹೌದು," ಎಂದು ಡಾಕ್ಟರು ಒಪ್ಪಿಕೊಂಡರು. ಹದಿನಾರು ವಾರ ತುಂಬಿದ ಮೇಲೆ ಹೊಟ್ಟೆಯ ಮೂಲಕ ಸೂಜಿ ಹಾಕಿ, ಮಗುವಿನ ಸುತ್ತಲಿನ ನೀರು ತೆಗೆದು ನೋಡಿದರೆ ಖಚಿತವಾಗುತ್ತದೆ. ಅದರಿಂದ ಗರ್ಭ ಜಾರುವುದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂದೂ ವಿವರಿಸಿದರು. ಮೈಸೂರಿನಲ್ಲಿ ಮಾಡುತ್ತಾರೆ, ಸೋಮವಾರದೊಳಗೆ ಯೋಚಿಸಿ ಹೇಳಿ ಎಂದರು. ಬಸ್ಸಿನಲ್ಲಿ ಊರು ಸೇರುವ ತನಕ ಯಾರೂ ಮಾತಾಡಲಿಲ್ಲ. ಬೈರಮ್ಮನೂ ಮಾತಾಡಲಿಲ್ಲ ಎಂದರೆ ಗಾಬರಿ ಎಷ್ಟಿತ್ತೆಂದು ತಿಳಿಯಬಹುದು.

ಮಾರನೆಯ ದಿನ ಹಾಲಿನ ಲಾರಿ ಹೋದ ಮೇಲೆ ಜಯಶೀಲ ಡೈರಿಯಲ್ಲೇ ಕೂತು ರಿಪೋರ್ಟು ಬಿಡಿಸಿದಳು. ಇಂಗ್ಲಿಷಿನ ಎರಡು ಹಾಳೆ. ಪಿಯುಸಿವರೆಗೆ ಓದಿದ್ದವಳು. ಹಾಲು ಒಕ್ಕೂಟದಿಂದ ಬರುವ ಚೀಟಿಗಳನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿ ಅಭ್ಯಾಸ. ಕೊನೆಯ ಸಂಖ್ಯೆಯನ್ನು ನಂಬುವ ಮೊದಲು ಅದು ಯಾವುದರಿಂದ ಬಂತೆಂದು ನೋಡಬೇಕು. ಹೆಸರು ಸರಿ. ತೂಕ ಸರಿ. ಭ್ರೂಣ ಇಟ್ಟ ತಾರೀಕು ಸರಿ. ವಯಸ್ಸು ನಲವತ್ತೊಂದು. ಅದರ ಕೆಳಗೆ, ಅಂಡಾಣು: ಸ್ವಂತ. ದಾನಿಯ ವಯಸ್ಸು: ಗೆರೆ ಎಳೆದು ಬಿಟ್ಟಿತ್ತು.

ಬೆರಳು ಅಲ್ಲೇ ನಿಂತಿತು. ಸ್ವಂತ ಎಂಬ ಆ ಒಂದು ಮಾತು ಅವಳಿಗೆ ಒಂದು ಗಳಿಗೆ ಎಷ್ಟು ಹಿತವಾಗಿ ಕಂಡಿತೆಂದರೆ, ಅದನ್ನು ತಿದ್ದುವುದೇ ಬೇಡವೆನ್ನಿಸಿತು. ಯಾರೋ ದೂರದ ಲ್ಯಾಬಿನವರು ಸೀಲು ಹಾಕಿ, ಸಹಿ ಹಾಕಿ ಬರೆದುಕೊಟ್ಟಿದ್ದಾರೆ. ಇರಲಿ ಬಿಡು. ತಕರಾರಿಲ್ಲ ಎಂದು ರೈಲಿನಲ್ಲಿ ಹೇಳಿದವಳು ತಾನೇ. ಆ ಮಾತು ಸುಳ್ಳಲ್ಲ. ಆದರೂ ಹದಿನಾರು ವರ್ಷ ಬಯಸಿದ ಮಾತನ್ನು ಅಚ್ಚಿನಲ್ಲಿ ನೋಡಿದಾಗ ಕಣ್ಣು ತುಂಬಿಬಂತು. ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಅವಳೊಳಗಿನ ಸೆಕ್ರೆಟರಿ ಎದ್ದು ಕೂತಳು. ಬೇರೆ ಮನೆ ಹಾಲಿಗೆ ಈ ಮನೆ ನಂಬರು ಹಾಕಿದರೆ ಮಿಷನ್ನು ಏನು ಮಾಡೀತು?

ಮಧ್ಯಾಹ್ನ ಶಿವಶಂಕರ್ ಊಟಕ್ಕೆ ಬಂದಾಗ ಬೈರಮ್ಮ ಮನೆಯಲ್ಲಿರಲಿಲ್ಲ. ಜಯಶೀಲ ರಿಪೋರ್ಟನ್ನು ಅವನ ಮುಂದಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟಳು.

"ಇದ ನೀವೇ ಬರೆದ್ರಾ?"

ಅವನು ತಲೆ ತಗ್ಗಿಸಿದ. "ತನುಶ್ರೀ ಪಕ್ಕದಲ್ಲೇ ನಿಂತಿದ್ಲು ಕಣಮ್ಮಿ. ನಾನು ಟಿಕ್ ಹಾಕೋದನ್ನೇ ನೋಡ್ತಿದ್ಲು. ಏನ್ ಮಾಡ್ಲಿ?"

"ಹಳೇ ಬುಡದಿಂದ ಚಿಗುರಿದ ಕೂಳೆ ಕಬ್ಬಿಗೆ ಹೊಸ ನಾಟಿ ಅಂತ ಬರೆದ್ರೆ ಕಟಾವು ಸರಿಯಾದ ಟೈಮಿಗೆ ಬತ್ತದಾ?"

"ಎಲ್ಲಾರಾ ಬತ್ತದಾ?"

"ಮತ್ತೆ ಇಲ್ಲಿ ನಲವತ್ತೊಂದು ವರ್ಷದ ಮೊಟ್ಟೆ ಅಂತ ಲೆಕ್ಕ ಹಾಕವ್ರೆ. ಕೊಟ್ಟೋಳಿಗೆ ಇಪ್ಪತ್ತಾರು. ಮೈಸೂರಿನ ಫೈಲಲ್ಲಿ ಐತೆ, ನಾನೇ ನೋಡಿವ್ನಿ. ಅಂಡಾಣುಗೆ ಎಷ್ಟು ವಯಸ್ಸೋ ಅದ್ರ ಮೇಲೆ ತಾನೆ ಈ ಲೆಕ್ಕ?"

ಶಿವಶಂಕರ್ ಅರ್ಥವಾಗದವನಂತೆ ನೋಡಿದ. ನಿಧಾನಕ್ಕೆ ಅರ್ಥವಾಯಿತು. ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಂದ್ರೆ ನಾನು ಬರೆದ ಒಂದು ಗೀಟಿಂದ ನಿನ್ನ ಹೊಟ್ಟೆಗೆ ಸೂಜಿ ಹಾಕಕ್ಕೆ ಹೊರಟಿದ್ರಾ?"

"ಆ ಗೀಟು ನಿಮ್ಮದೊಬ್ಬರದೇ ಅಲ್ಲ. ಮೊದಲ್ನೇ ದಿನವೇ ಡಾಕ್ಟ್ರಿಗೆ ಯೋಳಬೇಕಾಗಿತ್ತು, ನಾನೂ ಯೋಳ್ಲಿಲ್ಲ. ನಾಳೆ ಓಗವ."

"ತನುಶ್ರೀ ಇರ್ತಾಳೆ."

"ಇರ್ಲಿ ಬುಡಿ. ಅವಳ ಕೆಲಸ ಅದು, ಎತ್ತಗೆ ಓಯ್ತಾಳೆ?"

ಮಾರನೆಯ ದಿನ ಹತ್ತು ಗಂಟೆಗೆ ಇಬ್ಬರೂ ಕ್ಲಿನಿಕ್ಕಿನಲ್ಲಿದ್ದರು. ತನುಶ್ರೀ ಫೈಲು ತಂದು ಡಾಕ್ಟರ ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತಳು. ಜಯಶೀಲ ಮೈಸೂರಿನ ಕಾಗದ ಮುಂದಿಟ್ಟಳು.

"ಮೇಡಂ, ಫಾರಮ್ಮಲ್ಲಿ ತಪ್ಪಾಗಿದೆ. ಅಂಡಾಣು ನಂದಲ್ಲ. ದಾನ ತಗೊಂಡಿದ್ದು. ಕೊಟ್ಟವರಿಗೆ ಇಪ್ಪತ್ತಾರು ವರ್ಷ."

ರಮ್ಯಶ್ರೀ ಕಾಗದ ಓದಿ ಕನ್ನಡಕ ತೆಗೆದರು. "ಇದನ್ನ ನಾನೇ ಬಾಯಿಬಿಟ್ಟು ಕೇಳಬೇಕಿತ್ತು. ಫಾರಮ್ಮಲ್ಲಿ ಇದೆಯಲ್ಲ ಅಂತ ಬಿಟ್ಟೆ. ತಪ್ಪು ನಂದೂ ಇದೆ." ಅಲ್ಲೇ ಲ್ಯಾಬಿಗೆ ಫೋನು ಮಾಡಿದರು. ಹೊಸದಾಗಿ ರಕ್ತ ಬೇಕಿಲ್ಲ, ಹಳೆಯ ಅಳತೆಗಳನ್ನೇ ಇಟ್ಟುಕೊಂಡು ವಯಸ್ಸು ತಿದ್ದಿ ಲೆಕ್ಕ ಹಾಕುತ್ತಾರೆ, ಸಂಜೆಯೊಳಗೆ ಬರುತ್ತದೆ ಎಂದರು.

ಹೊರಗೆ ಬಂದಾಗ ತನುಶ್ರೀ ಹಿಂದೆಯೇ ಬಂದಳು. ಶಿವಶಂಕರ್ ಅವಳ ಮುಖ ನೋಡಲಾರದೆ ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಓದತೊಡಗಿದ.

"ಚಿಕ್ಕಪ್ಪ, ನನ್ನ ನೋಡಿ ಎದರ್ಕೊಂಡು ತಪ್ಪು ಬರೆದ್ರಾ?" ಹುಡುಗಿಯ ದನಿಯಲ್ಲಿ ಸಿಟ್ಟಿತ್ತು. "ಇಲ್ಲಿ ಮೂರು ವರ್ಷದಿಂದ ಕೂತಿವ್ನಿ. ನನ್ನ ಬಾಯಿ ಸಡಿಲ ಇದ್ದಿದ್ರೆ ನಮ್ಮೂರಲ್ಲಿ ಅರ್ಧ ಜನ ಇನ್ನರ್ಧ ಜನದ ಜೊತೆ ಮಾತು ಬುಟ್ಟಿರೋರು. ಇನ್ಮೇಲೆ ಅಂಗೆ ಮಾಡಬ್ಯಾಡಿ." ಆಮೇಲೆ ಜಯಶೀಲಳ ಕಡೆ ತಿರುಗಿ, "ಚಿಕ್ಕಮ್ಮ, ಊಟ ಆಯ್ತಾ? ಬಿಸಿಲಲ್ಲಿ ನಿಂತ್ಕೊಬ್ಯಾಡಿ, ಒಳಗೆ ಫ್ಯಾನ್ ಕೆಳಗೆ ಕೂತ್ಕಳಿ," ಎಂದಳು.

ನಾಲ್ಕೂವರೆಗೆ ಲೆಕ್ಕ ಬಂತು. ಸಾವಿರದ ಮುನ್ನೂರಕ್ಕೆ ಒಂದು.

"ಸೂಜಿ ಬೇಡ," ಎಂದರು ರಮ್ಯಶ್ರೀ. "ಇದೂ ಸೊನ್ನೆ ಅಲ್ಲ, ನೆನಪಿರಲಿ. ಸೊನ್ನೆ ಅಂತ ಯಾರಿಗೂ ಬರಲ್ಲ. ಇಪ್ಪತ್ತನೇ ವಾರಕ್ಕೆ ಅಂಗಾಂಗ ಎಲ್ಲ ನೋಡೋ ಸ್ಕ್ಯಾನ್ ಮಾಡೋಣ, ಹೃದಯವನ್ನೂ ನಿಧಾನಕ್ಕೆ ನೋಡೋಣ."

ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಕುಡಿಯುತ್ತ ಜಯಶೀಲ ಹೇಳಿದಳು: "ಅತ್ತೇಗೆ ಯೋಳ್ಬುಡವ."

"ಈಗ್ಯಾಕೆ? ಎಲ್ಲ ಸರಿಯಾಯ್ತಲ್ಲ."

"ಲೆಕ್ಕ ಎಂಗೆ ಬದಲಾಯ್ತು ಅಂತ ಕೇಳ್ತಾರೆ. ಅದಕ್ಕೊಂದು ಸುಳ್ಳು, ಅದ ಮುಚ್ಚಕ್ಕೆ ಇನ್ನೊಂದು. ಒಂದು ಸುಳ್ಳಿಗೇ ಇಷ್ಟಾಯ್ತು. ನಂಗೆ ಶಕ್ತಿ ಐತೆ, ಆದ್ರೆ ಅದು ಈ ಕೆಲಸಕ್ಕಲ್ಲ."

ಅವನು ಎಳನೀರಿನ ಬುರುಡೆ ಕೆಳಗಿಟ್ಟು, "ನಾನೇ ಯೋಳ್ತೀನಿ," ಎಂದ. ಅದು ಅವಳು ನಿರೀಕ್ಷಿಸಿರದ ಮಾತು.

ಬೈರಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಶಿವಶಂಕರ್ ಎದುರಿಗೆ ಕೂತು ತಾನೂ ಎರಡು ಕಾಯಿ ಸುಲಿದ. ಆಮೇಲೆ ತಡವರಿಸುತ್ತ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಿ, ಎಲ್ಲವನ್ನೂ ಹೇಳಿದ. ಅವನು ಎಡವಿದಾಗ ಜಯಶೀಲ ಬಾಗಿಲಲ್ಲಿ ನಿಂತು ಒಂದೊಂದು ಮಾತು ಸೇರಿಸಿದಳು.

ಬೈರಮ್ಮನ ಕೈ ನಿಂತಿತು. "ಆ ಉಡ್ಗಿಗೆ ನೋವಾಯ್ತದಾ, ಅದ ತೆಗೆಯುವಾಗ?"

"ಮತ್ತು ಬರೋ ಇಂಜೆಕ್ಷನ್ ಕೊಡ್ತಾರೆ ಅತ್ತೆ. ಆಮೇಲೆ ಒಂದೆರಡು ದಿನ ಹೊಟ್ಟೆ ನೋಯ್ತದೆ. ನಂಗೂ ಎರಡು ಸಲ ತೆಗೆದಿದ್ರಲ್ಲ."

"ಯಾರು ಏನು ಅಂತ ಗೊತ್ತಿಲ್ವಾ?"

"ಯೋಳಂಗಿಲ್ವಂತೆ."

"ಎಲ್ಲೇ ಇರ್ಲಿ, ಅವಳ ಒಟ್ಟೆ ತಣ್ಣಗಿರ್ಲಿ." ಬೈರಮ್ಮ ಒಂದು ಕಾಯಿ ಎತ್ತಿಕೊಂಡು ಹಾಗೇ ಕೆಳಗಿಟ್ಟಳು. ಈಗ ದನಿ ಏರಿತು. "ಅಲ್ಲ ಕಣ್ಲಾ ಶಂಕ್ರ, ನನ್ನ ಬಾಯಿಗೆ ಎದರ್ಕೊಂಡು ಆ ಮಗೀನ ಲೆಕ್ಕವೇ ತಪ್ಪು ಬರೆಸ್ಬುಟ್ಯಲ್ಲೋ! ಮೂರು ದಿವಸದಿಂದ ನನ್ನ ಎದೆ ಬೆಂದೋಯ್ತಾ ಇತ್ತು. ನಾನೇನು ಈ ಮನೇಗೆ ಹೊರಗಿನೋಳಾ?"

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅಡಿಗೆ ಮನೆಯಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು. ಒಂದು ಗಂಟೆಯ ಮೇಲೆ ಹೊರಗೆ ಬಂದು ಸೊಸೆಯ ಮುಂದೆ ನಿಂತು ಹೇಳಿದಳು: "ನಾನಾಗೇ ಯಾರಿಗೂ ಯೋಳಕ್ಕೆ ಓಗಾಕಿಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಯೋಳು ಅನ್ನಬ್ಯಾಡಿ. ನಂಗೆ ಅದು ಬರಾಕಿಲ್ಲ."

"ಸುಳ್ಳು ಬ್ಯಾಡ ಅತ್ತೆ. ನಿಜಾನೇ ಯೋಳಿ," ಎಂದಳು ಜಯಶೀಲ.

ಬೈರಮ್ಮ ಮಾತಿಗೆ ತಪ್ಪಲಿಲ್ಲ. ಯಾರೂ ಕೇಳದೆ ಹೇಳಲಿಲ್ಲ. ಆದರೆ ಜನ ಕೇಳುವಂತೆ ಮಾಡುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಪಾಂಡವಪುರದಲ್ಲಿದ್ದ ತಂಗಿಗೆ ಮೊದಲು ತಿಳಿಯಿತು, ಅಲ್ಲಿಂದ ಊರಿಗೇ ತಿರುಗಿ ಬಂತು. ಕೆಲವರು ಬೆನ್ನ ಹಿಂದೆ ಆಡಿಕೊಂಡರು. ಒಂದು ಹಸುವಿನ ಕರು ಇನ್ನೊಂದರ ಹಾಲು ಕುಡಿದು ಬೆಳೆದರೆ ಅದು ಯಾರದು ಎಂದು ಒಬ್ಬ ಹಿರಿಯ ಅರಳಿಕಟ್ಟೆಯಲ್ಲಿ ಕೊಂಕು ತೆಗೆದನಂತೆ. ಬೈರಮ್ಮ ಅಲ್ಲಿಗೇ ಹೋಗಿ ಅವನಿಗೆ ಏನು ಹೇಳಿದಳೋ, ಅವನು ಎರಡು ವಾರ ಆ ಕಟ್ಟೆಯ ಕಡೆ ಬರಲಿಲ್ಲ. ಶಿವಶಂಕರ್ ಒಂದಷ್ಟು ದಿನ ತಲೆ ತಗ್ಗಿಸಿಯೇ ಬೈಕು ಓಡಿಸಿದ. ಆಮೇಲೆ ಅದೂ ಮರೆತುಹೋಯಿತು.

ಒಂದು ಬೆಳಿಗ್ಗೆ ಹಾಲು ಹಾಕಿದ ಮೇಲೂ ಪುಟ್ಟಲಕ್ಷ್ಮಮ್ಮ ಎಂಬ ಹೆಂಗಸು ಹೋಗದೆ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, ನಾಗಮಂಗಲಕ್ಕೆ ಕೊಟ್ಟ ತನ್ನ ಮಗಳಿಗೂ ಬೇರೆಯವರ ಅಂಡಾಣು ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ, ಅವಳು ಹದಿನೈದು ದಿನದಿಂದ ಅಳುತ್ತಿದ್ದಾಳೆ ಎಂದಳು. ಜಯಶೀಲ ಅವಳನ್ನು ಕೂರಿಸಿಕೊಂಡು ಯಾವುದನ್ನೂ ಮುಚ್ಚಿಡದೆ ಹೇಳಿದಳು: ಎಷ್ಟು ಇಂಜೆಕ್ಷನ್, ಎಷ್ಟು ಸಲ ಓಡಾಟ, ನಿಲ್ಲದೇ ಹೋಗಬಹುದಾದದ್ದು, ನಿಂತ ಮೇಲಿನ ಭಯ. "ನಿಮ್ಮ ಮಗಳನ್ನೇ ಕಳಿಸಿ. ಅವಳು ಅತ್ತು ಮುಗಿಸ್ಲಿ ಮೊದ್ಲು, ಆಮೇಲೆ ಕೂತು ಮಾತಾಡವ," ಎಂದಳು.

ಇಪ್ಪತ್ತನೆಯ ವಾರದ ಸ್ಕ್ಯಾನು ಮುಕ್ಕಾಲು ಗಂಟೆ ನಡೆಯಿತು. ಹೃದಯದ ನಾಲ್ಕೂ ಕೋಣೆಗಳನ್ನು ರಮ್ಯಶ್ರೀ ಒಂದೊಂದಾಗಿ ತೋರಿಸಿದರು. ಬೆನ್ನುಮೂಳೆ ಮುತ್ತು ಪೋಣಿಸಿದಂತೆ ಇತ್ತು. ಈ ಸಲ ಬೈರಮ್ಮನೂ ಒಳಗಿದ್ದಳು. ಪರದೆಯಲ್ಲಿ ಅವಳಿಗೆ ಏನೂ ತಿಳಿಯಲಿಲ್ಲ. ಆದರೂ ಡಾಕ್ಟರು ಸರಿಯಿದೆ ಎಂದಾಗಲೆಲ್ಲ ಹೂಂ ಎಂದು ತಲೆ ಆಡಿಸಿದಳು.

ಮೂವತ್ತೆಂಟನೆಯ ವಾರದಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಎರಡು ಕೆಜಿ ಏಳುನೂರು ಗ್ರಾಮ್. ಮಕ್ಕಳ ಡಾಕ್ಟರು ತಲೆಯಿಂದ ಕಾಲಿನವರೆಗೆ ನೋಡಿ, ಎಲ್ಲ ಸರಿಯಿದೆ ಎಂದು ಬಟ್ಟೆ ಸುತ್ತಿ ಕೊಟ್ಟರು. ಜಯಶೀಲಳಿಗೆ ಸೊಂಟದ ಕೆಳಗೆ ಇನ್ನೂ ಜೋಮು ಹಿಡಿದಿತ್ತು. ನರ್ಸು ಮಗುವನ್ನು ಎದೆಯ ಮೇಲೆ ಮಲಗಿಸಿದಳು. ಅದು ಒಂದೆರಡು ಸಲ ತಡಕಾಡಿ, ಹಿಡಿಯಲು ಬಾರದೆ, ವಾರ್ಡಿನ ಆ ತುದಿಗೂ ಕೇಳುವಂತೆ ಕಿರುಚಿತು.

ಬೈರಮ್ಮ ಬಗ್ಗಿ ಮಗುವಿನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. "ಮೂಗು ಯಾರದ್ದೋ ಇರ್ಲಿ. ಕೂಗು ಮಾತ್ರ ನಿಂದೇ ಕಣವ್ವ," ಎಂದು ಸೊಸೆಗೆ ಹೇಳಿದಳು.

ನಕ್ಕರೆ ಹೊಲಿಗೆ ಜಗ್ಗುತ್ತಿತ್ತು. ಆದರೂ ಜಯಶೀಲ ನಕ್ಕಳು. ಶಿವಶಂಕರ್ ಮಗುವಿನ ಪಾದದ ಹತ್ತಿರ ಬೆರಳಿಟ್ಟು, ಹಿಂದಕ್ಕೆ ತೆಗೆದು, ಮತ್ತೆ ಇಟ್ಟ. ಮಗು ಈ ಸಲ ಸರಿಯಾಗಿ ಬಾಯಿ ಹಾಕಿತು. ವಾರ್ಡು ಸುಮ್ಮನಾಯಿತು.